ತಂಪು ಹವೆಯ ಕಿರು ಆರ್ಕಿಡ್‌ಗಳು

ಉಷ್ಣವಲಯದ ಎತ್ತರದ ಬೆಟ್ಟಗಳಲ್ಲಿ, ವರ್ಷದ ಬಹುಕಾಲ ಮೋಡ ಮುಸುಕಿರುವ ಕಾಡುಗಳಲ್ಲಿ ಬೆಳೆಯುವ, ಸಾಮಾನ್ಯವಾಗಿ 15 ಸೆಂಟಿಮೀಟರ್ ಎತ್ತರ ಮೀರದ ಆರ್ಕಿಡ್‌ಗಳ ಗುಂಪು. ಸಸ್ಯಶಾಸ್ತ್ರದಲ್ಲಿ ಇಂಥದೊಂದು ವರ್ಗವಿಲ್ಲ. ಬೆಳೆಯುವವರು ತಮ್ಮ ಅನುಕೂಲಕ್ಕಾಗಿ ಮಾಡಿಕೊಂಡ ವಿಂಗಡಣೆ ಇದು. ಇವುಗಳಲ್ಲಿ ಹೆಚ್ಚಿನವು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಶ್ರೇಣಿಯವು. ಮಿಕ್ಕವು ಮಧ್ಯ ಅಮೆರಿಕ, ನ್ಯೂಗಿನಿಯ ಮಲೆಗಳು, ಬ್ರೆಜಿಲ್‌ನ ಕರಾವಳಿ ಬೆಟ್ಟಗಳು, ಹಿಮಾಲಯ ಮತ್ತು ಜಪಾನ್‌ಗಳಿಂದ ಬಂದಿವೆ. ಗಿಡ ಅಂಗೈ ಮೇಲೆ ನಿಲ್ಲುವಷ್ಟು ಚಿಕ್ಕದಾದ್ದರಿಂದ ಅಕ್ವೇರಿಯಂ ಗಾತ್ರದ ಪೆಟ್ಟಿಗೆಯೊಂದರಲ್ಲಿ ಹತ್ತಾರು ಜಾತಿಗಳನ್ನು ಬೆಳೆಸಬಹುದು. ತೋಟವಿಲ್ಲದ, ಬಿಸಿಲು ಬೀಳುವ ಬಾಲ್ಕನಿಯೂ ಇಲ್ಲದ ಮನೆಗಳಲ್ಲಿ ಇವು ಜನಪ್ರಿಯವಾಗಲು ಇದೇ ಕಾರಣ. ಜಾಗ, ಬೆಳಕು, ನೀರು ಇವೆಲ್ಲವನ್ನೂ ಹೊಂದಿಸಿಕೊಳ್ಳಬಹುದು. ಹೊಂದಿಸಲು ಕಷ್ಟವಾದದ್ದು ರಾತ್ರಿಯ ತಂಪು. ಈ ಗಿಡಗಳ ಬಗ್ಗೆ ಎಲ್ಲ ತೀರ್ಮಾನಗಳೂ ಅಲ್ಲಿಂದಲೇ ಶುರುವಾಗಬೇಕು.

ನೆಲೆ

ಮೇಲೇರಿದಂತೆ ಪ್ರತಿ ಸಾವಿರ ಮೀಟರಿಗೆ ಉಷ್ಣತೆ ಸುಮಾರು 6 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಹೀಗಾಗಿ ಭೂಮಧ್ಯರೇಖೆ ಹಾದುಹೋಗುವ ಈಕ್ವೆಡಾರ್‌ನಲ್ಲೇ, 2,000ದಿಂದ 3,000 ಮೀಟರ್ ಎತ್ತರದ ಕಾಡುಗಳಲ್ಲಿ ಹಗಲಿನ ಬಿಸಿ 20 ಡಿಗ್ರಿಯ ಆಸುಪಾಸಿನಲ್ಲಿದ್ದು ರಾತ್ರಿ ಅದು 10ರ ಹತ್ತಿರಕ್ಕೆ ಬರುತ್ತದೆ. ಅಲ್ಲಿ ಬೇಸಿಗೆ, ಚಳಿಗಾಲಗಳ ಅಂತರ ಕಡಿಮೆ. ಹಗಲಿಗೂ ರಾತ್ರಿಗೂ ಇರುವ ಅಂತರವೇ ದೊಡ್ಡದು. ವರ್ಷವಿಡೀ ಹಗಲು ಸುಮಾರು ಹನ್ನೆರಡು ತಾಸು. ಅಮೆಜಾನ್ ಬಯಲಿನಿಂದ ಬರುವ ತೇವಭರಿತ ಗಾಳಿ ಆಂಡೀಸ್‌ನ ಪೂರ್ವದ ಇಳಿಜಾರಿಗೆ ಬಡಿದು ಮೇಲೇರಿ, ತಣಿದು, ಮೋಡವಾಗಿ ಮರಗಳ ನಡುವೆಯೇ ನಿಲ್ಲುತ್ತದೆ. ಮಳೆ ಬಾರದ ದಿನವೂ ಎಲೆಗಳಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ಕೊಂಬೆಗಳ ಮೇಲೆ ಪಾಚಿ ದಪ್ಪವಾಗಿ ಹಾಸಿರುತ್ತದೆ. ಈ ಆರ್ಕಿಡ್‌ಗಳು ಬೇರು ಬಿಡುವುದು ಆ ಪಾಚಿಯಲ್ಲಿ. ಇವು ಅಪ್ಪುಸಸ್ಯಗಳು, ಮರದಿಂದ ಆಹಾರ ಹೀರುವುದಿಲ್ಲ, ಅದರ ಮೇಲೆ ಕೂತಿರುತ್ತವೆ ಅಷ್ಟೆ.

ಈ ನೆಲೆ ಗಿಡದ ಮೈಕಟ್ಟನ್ನೇ ರೂಪಿಸಿದೆ. ಬಯಲುಸೀಮೆಯ ಅಥವಾ ಮಳೆಗಾಲ ಮುಗಿದ ಮೇಲೆ ಒಣಗುವ ಕಾಡಿನ ಆರ್ಕಿಡ್‌ಗಳಿಗೆ ನೀರು ಕೂಡಿಟ್ಟುಕೊಳ್ಳಲು ಹುಸಿಗೆಡ್ಡೆಗಳಿರುತ್ತವೆ. ಆಂಡೀಸ್‌ನ ಕಿರು ಆರ್ಕಿಡ್‌ಗಳ ದೊಡ್ಡ ಬಳಗವಾದ ಪ್ಲ್ಯೂರೊಥ್ಯಾಲಿಡಿನೇ ಉಪಬುಡಕಟ್ಟಿನಲ್ಲಿ ಹುಸಿಗೆಡ್ಡೆಗಳೇ ಇಲ್ಲ. ಐದು ಸಾವಿರಕ್ಕೂ ಹೆಚ್ಚು ಜಾತಿಗಳಿರುವ ಈ ಬಳಗದ ಗಿಡಗಳಲ್ಲಿ ಸಣ್ಣ ಕಡ್ಡಿಯಂಥ ಕಾಂಡ, ಅದರ ತುದಿಗೆ ತುಸು ದಪ್ಪನೆಯ ಒಂದೇ ಎಲೆ, ಬುಡದಲ್ಲಿ ಕೂದಲೆಳೆಯಂಥ ಬೇರುಗಳು, ಇಷ್ಟೇ. ನೀರಿನ ಉಳಿತಾಯ ಎಂಬುದನ್ನು ಇವು ಕಲಿತೇ ಇಲ್ಲ, ಕಲಿಯುವ ಅಗತ್ಯವೂ ಬೀಳಲಿಲ್ಲ. ಎರಡು ದಿನ ಪೂರ್ತಿ ಒಣಗಿದರೆ ಎಲೆ ಸುಕ್ಕುಗಟ್ಟಲು ಅದೇ ಕಾರಣ.

ರಾತ್ರಿಯ ತಂಪು ಯಾಕೆ ಬೇಕು

ಹಗಲಲ್ಲಿ ಗಿಡ ಬೆಳಕಿನಿಂದ ಸಕ್ಕರೆ ಮಾಡಿಕೊಳ್ಳುತ್ತದೆ. ಹಗಲೂ ರಾತ್ರಿಯೂ ಉಸಿರಾಟದಲ್ಲಿ ಅದನ್ನು ಖರ್ಚು ಮಾಡುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಉಸಿರಾಟದ ವೇಗ ಸರಿಸುಮಾರು ಇಮ್ಮಡಿಯಾಗುತ್ತದೆ. ಮೋಡದ ಕಾಡಿನ ಮಬ್ಬು ಬೆಳಕಿನಲ್ಲಿ ಸಂಪಾದನೆ ಕಡಿಮೆ, ಆದರೆ ರಾತ್ರಿ 10 ಡಿಗ್ರಿಯಲ್ಲಿ ಖರ್ಚೂ ಕಡಿಮೆ. ಅದೇ ಗಿಡವನ್ನು 22 ಡಿಗ್ರಿಯ ರಾತ್ರಿಗಳಲ್ಲಿ ಇಟ್ಟರೆ ಸಂಪಾದನೆ ಅಷ್ಟೇ ಇದ್ದು ಖರ್ಚು ಎರಡರಷ್ಟನ್ನೂ ದಾಟುತ್ತದೆ. ಗಿಡ ಒಂದೇ ದಿನದಲ್ಲಿ ಸಾಯುವುದಿಲ್ಲ. ಮೊದಲು ಹೊಸ ಎಲೆಗಳು ಹಿಂದಿನವಕ್ಕಿಂತ ಚಿಕ್ಕದಾಗಿ ಬರುತ್ತವೆ, ಆಮೇಲೆ ಮೊಗ್ಗು ಹಳದಿಯಾಗಿ ಉದುರುತ್ತದೆ, ಕೊನೆಗೆ ಹಸಿರಾಗಿ ಚೆನ್ನಾಗಿಯೇ ಕಾಣುತ್ತಿದ್ದ ಎಲೆಗಳು ಬುಡದಲ್ಲಿ ಕಳಚಿ ಬೀಳುತ್ತವೆ. ಬೆಳೆಯುವವರು ಇದಕ್ಕೆ ನೀರಿನ ಕೊರತೆ ಕಾರಣವೆಂದು ತಿಳಿದು ಇನ್ನಷ್ಟು ನೀರು ಹಾಕುತ್ತಾರೆ. ಬಿಸಿ ಮತ್ತು ನೀರು ಎರಡೂ ಸೇರಿ ಬೇರು ಕೊಳೆಯುತ್ತದೆ.

ಆದ್ದರಿಂದ ಆರ್ಕಿಡ್ ಬೆಳೆಯುವವರ ವಿಂಗಡಣೆಗೆ ರಾತ್ರಿಯ ಕನಿಷ್ಠ ಉಷ್ಣತೆಯೇ ಅಳತೆ. ರಾತ್ರಿ 8ರಿಂದ 13 ಡಿಗ್ರಿ ಬೇಕಾದವು ತಂಪಿನವು, 13ರಿಂದ 16 ಡಿಗ್ರಿ ಬೇಕಾದವು ಮಧ್ಯಮ, 18ಕ್ಕಿಂತ ಮೇಲೆ ಒಗ್ಗುವವು ಬೆಚ್ಚಗಿನವು. ಈ ಗಡಿಗಳು ಕಲ್ಲಿನ ಮೇಲೆ ಕೊರೆದವಲ್ಲ. ರಾತ್ರಿ ಚೆನ್ನಾಗಿ ತಣಿಯುವ ಜಾಗದಲ್ಲಿ ಹಗಲು ಒಂದೆರಡು ತಾಸು 27–28 ಡಿಗ್ರಿ ಮುಟ್ಟಿದರೂ ಅನೇಕ ಜಾತಿಗಳು ತಾಳುತ್ತವೆ. ರಾತ್ರಿ ತಣಿಯದಿದ್ದರೆ ಹಗಲನ್ನು ಎಷ್ಟು ಹಿತವಾಗಿಟ್ಟರೂ ಪ್ರಯೋಜನವಿಲ್ಲ.

ಇತಿಹಾಸ

ಈ ಗಿಡಗಳಿಗೆ ತಂಪು ಬೇಕೆಂಬ ಸತ್ಯ ಐರೋಪ್ಯರಿಗೆ ಹೊಳೆಯಲು ದಶಕಗಳೇ ಹಿಡಿದವು. ಉಷ್ಣವಲಯದ ಗಿಡ ಎಂದರೆ ಬಿಸಿ ಬೇಕು ಎಂದು ನಂಬಿದ್ದ ಹತ್ತೊಂಬತ್ತನೇ ಶತಮಾನದ ಆರಂಭದ ಇಂಗ್ಲಿಷ್ ತೋಟಗಾರರು, ಜಾನ್ ಲಿಂಡ್ಲಿಯಂಥ ಹಿರಿಯ ಸಸ್ಯವಿಜ್ಞಾನಿಯ ಸಲಹೆಯನ್ನೂ ಅನುಸರಿಸಿ, ಆಂಡೀಸ್‌ನ ಗಿಡಗಳನ್ನು ಹಬೆ ತುಂಬಿದ ಬಿಸಿ ಗಾಜಿನಮನೆಗಳಲ್ಲಿ ಬೇಯಿಸಿದರು. ಸಾವಿರಗಟ್ಟಲೆ ಗಿಡಗಳು ಸತ್ತವು. ಜೋಸೆಫ್ ಪ್ಯಾಕ್ಸ್‌ಟನ್ ಎಂಬ ತೋಟಗಾರ ಇಂಗ್ಲೆಂಡಿನ ಚಾಟ್ಸ್‌ವರ್ತ್‌ನಲ್ಲಿ ಬೇರೆ ಬೇರೆ ಉಷ್ಣತೆಯ ಮನೆಗಳನ್ನು ಕಟ್ಟಿ, ಗಾಳಿಯಾಡಲು ಬಿಟ್ಟ ಮೇಲೆ ದಿಕ್ಕು ಬದಲಾಯಿತು. ಪೆರುವಿನ ಮಾಚು ಪಿಚು ಸೀಮೆಯ ಕಿತ್ತಳೆ ಬಣ್ಣದ ಮಾಸ್ಡೆವಾಲಿಯಾ ವೀಚಿಯಾನಾವನ್ನು ರಿಚರ್ಡ್ ಪಿಯರ್ಸ್ ಎಂಬ ಸಂಗ್ರಾಹಕ 1867ರಲ್ಲಿ ಲಂಡನ್ನಿನ ವೀಚ್ ನರ್ಸರಿಗೆ ತಂದಾಗ ತಂಪಿನ ಮನೆಗಳು ಸಿದ್ಧವಾಗಿದ್ದವು. ಅಲ್ಲಿಂದ ಮುಂದೆ ಶತಮಾನದ ಕೊನೆಯವರೆಗೂ ಮಾಸ್ಡೆವಾಲಿಯಾಗಳ ಹುಚ್ಚು ಹಬ್ಬಿತು. ಲೋಥಿಯನ್‌ನ ಮಾರ್ಕ್ವೆಸ್‌ನ ಸಂಗ್ರಹವನ್ನು ಆಧರಿಸಿ ಫ್ಲಾರೆನ್ಸ್ ವೂಲ್‌ವರ್ಡ್ 1890ರ ದಶಕದಲ್ಲಿ ಬರೆದು, ತಾನೇ ಚಿತ್ರಿಸಿ ಹೊರತಂದ ಮಾಸ್ಡೆವಾಲಿಯಾ ಕುಲದ ಗ್ರಂಥ ಆ ಕಾಲದ ದೊಡ್ಡ ಸಾಧನೆ. ಸಸ್ಯಚಿತ್ರಗಳಲ್ಲಿ ಅಂಥ ನಿಖರತೆ ಅಪರೂಪ.

ಇಪ್ಪತ್ತನೇ ಶತಮಾನದಲ್ಲಿ ಈ ಬಳಗಕ್ಕೆ ಆಕಾರ ಕೊಟ್ಟವರು ಫ್ಲಾರಿಡಾದ ಕಾರ್ಲೈಲ್ ಲೂಯರ್ (1922–2019). ಶಸ್ತ್ರವೈದ್ಯರಾಗಿದ್ದ ಅವರು ವೃತ್ತಿ ಬಿಟ್ಟು ಪ್ಲ್ಯೂರೊಥ್ಯಾಲಿಡಿನೇ ಬಳಗದ ಅಧ್ಯಯನಕ್ಕೆ ತಮ್ಮನ್ನು ಕೊಟ್ಟುಕೊಂಡರು, ಜಾತಿಯಿಂದ ಜಾತಿಗೆ ರೇಖಾಚಿತ್ರ ಬರೆದು ಸಂಪುಟಗಳ ಮೇಲೆ ಸಂಪುಟ ಪ್ರಕಟಿಸಿದರು. ಮಾಸ್ಡೆವಾಲಿಯಾದಿಂದ ಡ್ರಾಕುಲಾ ಕುಲವನ್ನು 1978ರಲ್ಲಿ ಬೇರ್ಪಡಿಸಿದವರು ಅವರೇ.

ಜಪಾನಿನದು ಬೇರೆಯೇ ಪರಂಪರೆ. ಅಲ್ಲಿನ ನಿಯೊಫಿನೆಟಿಯಾ ಫ್ಯಾಲ್ಕೇಟಾ ಎಂಬ ಕಿರು ಆರ್ಕಿಡ್ ಎಡೊ ಕಾಲದಿಂದಲೂ ಶ್ರೀಮಂತರ ಮನೆಗಳಲ್ಲಿ ಬೆಳೆದಿದೆ. ಫೂಕಿರಾನ್ ಎಂದು ಕರೆಯುವ ಆರಿಸಿದ ತಳಿಗಳಲ್ಲಿ ಅವರು ಹೂವಿಗಿಂತ ಎಲೆಯ ಬಾಗು, ಅಂಚಿನ ಗೆರೆ, ಬೇರಿನ ತುದಿಯ ಬಣ್ಣವನ್ನು ಗಮನಿಸುತ್ತಾರೆ. ಒಳಗೆ ಟೊಳ್ಳು ಬಿಟ್ಟು ಗುಡ್ಡೆಯಾಗಿ ಕಟ್ಟಿದ ಪಾಚಿಯ ಮೇಲೆ ಗಿಡವನ್ನು ಕೂರಿಸುವ ಅವರ ಕ್ರಮ ಬೇರಿಗೆ ತೇವ ಮತ್ತು ಗಾಳಿ ಎರಡನ್ನೂ ಒಟ್ಟಿಗೆ ಕೊಡುತ್ತದೆ.

ಮುಖ್ಯ ಕುಲಗಳು

ಮಾಸ್ಡೆವಾಲಿಯಾ ಈ ಗುಂಪಿನ ಮುಂದಾಳು. ಸಸ್ಯವಿಜ್ಞಾನಿಗಳಾದ ರೂಯಿಸ್ ಮತ್ತು ಪಾವೊನ್ 1794ರಲ್ಲಿ ಹೆಸರಿಟ್ಟ ಈ ಕುಲದಲ್ಲಿ ಇಂದು ಐದುನೂರಕ್ಕೂ ಹೆಚ್ಚು ಜಾತಿಗಳಿವೆ. ಇವುಗಳ ಹೂವಿನ ಚೆಲುವೆಲ್ಲ ಮೂರು ಪುಷ್ಪಪತ್ರಗಳದ್ದು; ಅವು ಬುಡದಲ್ಲಿ ಕೂಡಿ ಕೊಳವೆಯಾಗಿ, ತುದಿಯಲ್ಲಿ ಬಾಲದಂತೆ ನೀಳವಾಗುತ್ತವೆ. ದಳಗಳೂ ತುಟಿದಳವೂ ಒಳಗೆ ಎಲ್ಲೋ ಅಡಗಿರುತ್ತವೆ. ವೀಚಿಯಾನಾದ ಹೂವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಕಿತ್ತಳೆಯ ಮೇಲೆ ನೇರಳೆ ಹೊಳಪು ಹರಿಯುತ್ತದೆ. ಮೈಮೇಲಿನ ಸೂಕ್ಷ್ಮವಾದ ನೇರಳೆ ರೋಮಗಳಿಂದ ಬರುವ ಬಣ್ಣ ಅದು. ವೆನೆಜುವೆಲಾದ ಮಾಸ್ಡೆವಾಲಿಯಾ ಟೊವರೆನ್ಸಿಸ್ ಬಿಳಿ ಹೂವಿನದು. ಹೂ ಬಾಡಿದ ಮೇಲೆ ಅದರ ಕಡ್ಡಿಯನ್ನು ಕತ್ತರಿಸಬಾರದು. ಹಸಿರಾಗಿ ಉಳಿದ ಅದೇ ಕಡ್ಡಿಯಲ್ಲಿ ಮರುವರ್ಷ ಮತ್ತೆ ಮೊಗ್ಗು ಬರುತ್ತದೆ. ಬ್ರೆಜಿಲ್‌ನ ಮಾಸ್ಡೆವಾಲಿಯಾ ಇನ್‌ಫ್ರಾಕ್ಟಾ ತುಸು ಬಿಸಿ ತಾಳುತ್ತದೆ. ವೀಚಿಯಾನಾವನ್ನು ಬಿಸಿ ತಾಳುವ ಜಾತಿಗಳೊಂದಿಗೆ ಸೇರಿಸಿ ಮಾಡಿದ ಏಂಜೆಲ್ ಫ್ರಾಸ್ಟ್, ಕಾಪರ್ ಏಂಜೆಲ್ ಎಂಬ ಮಿಶ್ರತಳಿಗಳು ಹೊಸಬರ ಕೈಯಲ್ಲೂ ಹೂ ಬಿಡುತ್ತವೆ. ಶುದ್ಧ ಜಾತಿಯೇ ಬೇಕೆಂಬ ಹಟವಿಲ್ಲದಿದ್ದರೆ ಮೊದಲ ಗಿಡವಾಗಿ ಇವನ್ನೇ ಆರಿಸುವುದು ಜಾಣತನ.

ಡ್ರಾಕುಲಾ ಕುಲದ ಹೂ ಜೋತುಬಿದ್ದು ನೆಲದ ಕಡೆ ಮುಖ ಮಾಡುತ್ತದೆ, ಹೂಕಡ್ಡಿ ಕುಂಡದ ತಳಕ್ಕೆ ಇಳಿಯುತ್ತದೆ. ಮಾಮೂಲಿ ಕುಂಡದಲ್ಲಿಟ್ಟರೆ ಮೊಗ್ಗು ಒಳಗೇ ಕೊಳೆಯುವುದರಿಂದ ಜಾಲರಿ ಬುಟ್ಟಿಯಲ್ಲಿ ತೂಗುಹಾಕಬೇಕು. ಡ್ರಾಕುಲಾ ಸಿಮಿಯಾದ ಹೂವಿನಲ್ಲಿ ಕೋತಿಯ ಮುಖ ಕಾಣುತ್ತದೆಂದು ಜಗತ್ತಿನೆಲ್ಲೆಡೆ ಅದರ ಚಿತ್ರ ಹರಿದಾಡುತ್ತದೆ. ಗಿಡಕ್ಕೆ ಅದರಿಂದ ಏನೂ ಆಗಬೇಕಿಲ್ಲ. ಡ್ರಾಕುಲಾಗಳ ತುಟಿದಳ ಅನುಕರಿಸುವುದು ಅಣಬೆಯನ್ನು. ಈಕ್ವೆಡಾರ್‌ನ ಲೋಸ್ ಸೆಡ್ರೋಸ್ ಮೀಸಲು ಕಾಡಿನಲ್ಲಿ ಡ್ರಾಕುಲಾ ಲಾಫ್ಲೂರಿಯೈ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂರು ಆಯಾಮದ ಮುದ್ರಣದ ಅಚ್ಚುಗಳಿಂದ ಮಾಡಿದ ಕೃತಕ ಹೂಗಳನ್ನು ನಿಜ ಹೂವಿನ ಭಾಗಗಳೊಂದಿಗೆ ಬೆರೆಸಿ ನೋಡಿದಾಗ, ಅಣಬೆಯ ವಾಸನೆಯ ತುಟಿದಳ ಮತ್ತು ಪುಷ್ಪಪತ್ರಗಳ ಬಣ್ಣ ಎರಡೂ ಸೇರಿ ಅಣಬೆ ನೊಣಗಳನ್ನು ಕರೆಯುತ್ತವೆಂದು ಗೊತ್ತಾಯಿತು. ಅದೇ ಲೋಸ್ ಸೆಡ್ರೋಸ್‌ನಲ್ಲಿ ಗಣಿಗಾರಿಕೆ ಕೂಡದೆಂದು ಈಕ್ವೆಡಾರ್‌ನ ಸಂವಿಧಾನ ನ್ಯಾಯಾಲಯ 2021ರಲ್ಲಿ, ನಿಸರ್ಗಕ್ಕೂ ಹಕ್ಕುಗಳಿವೆ ಎಂಬ ಆ ದೇಶದ ಸಂವಿಧಾನದ ಮಾತನ್ನು ಎತ್ತಿಹಿಡಿದು ತೀರ್ಪು ಕೊಟ್ಟಿತು.

ಸಾವಿರಕ್ಕೂ ಹೆಚ್ಚು ಜಾತಿಗಳ ಲೆಪ್ಯಾಂಥಿಸ್ ಕುಲವನ್ನು ನೋಡಲು ಹತ್ತು ಪಟ್ಟು ಹಿಗ್ಗಿಸುವ ಮಸೂರ ಬೇಕು. ಕಾಂಡದ ಉದ್ದಕ್ಕೂ ಒಂದರೊಳಗೊಂದು ಸಿಕ್ಕಿಸಿದ ಪುಟ್ಟ ತುತ್ತೂರಿಗಳಂಥ ಪೊರೆಗಳು, ಅವುಗಳ ಬಾಯಂಚಿಗೆ ಗಿಡ್ಡ ರೋಮಗಳು; ಇದು ಈ ಕುಲದ ಗುರುತು. ಹೂ ಅನೇಕ ಜಾತಿಗಳಲ್ಲಿ ಎಲೆಗೆ ಅಂಟಿಕೊಂಡಂತೆ ಅರಳುತ್ತದೆ, ಬಣ್ಣ ಹಳದಿ, ಕೆಂಪು, ಕಿತ್ತಳೆ. ಕೋಸ್ಟರಿಕಾದ ಲೆಪ್ಯಾಂಥಿಸ್ ಗ್ಲೈಕೆನ್‌ಸ್ಟೈನಿಯೈ ಹೂವನ್ನು ಹೆಣ್ಣೆಂದು ಭ್ರಮಿಸಿ ಕೂಡಲು ಬರುವ ಗಂಡು ನುಸಿಗಳಿಂದ ಅದರ ಪರಾಗಸ್ಪರ್ಶ ಆಗುತ್ತದೆಂದು ಮಾರಿಯೊ ಬ್ಲಾಂಕೊ ಮತ್ತು ಗೇಬ್ರಿಯಲ್ ಬಾರ್ಬೊಸಾ 2005ರಲ್ಲಿ ತೋರಿಸಿದರು. ಆ ನುಸಿ ಬ್ರ್ಯಾಡಿಸಿಯಾ ಕುಲದ್ದು. ಮನೆಯ ಕುಂಡಗಳ ಒದ್ದೆ ಮಣ್ಣಿನಿಂದ ಏಳುವ, ಹಳದಿ ಅಂಟುಹಾಳೆ ತೂಗುಹಾಕಿ ಹಿಡಿಯುವ ಕಪ್ಪು ನುಸಿಗಳಲ್ಲಿ ಅದೇ ಕುಲದವೂ ಇವೆ.

ಪೊರೊಗ್ಲಾಸಮ್‌ನ ತುಟಿದಳ ಮುಟ್ಟಿದರೆ ಮಡಚಿಕೊಳ್ಳುತ್ತದೆ. ಕೂದಲೆಳೆಯಿಂದ ಅದರ ನಡುವಿನ ಉಬ್ಬನ್ನು ಸೋಕಿದರೂ ಸಾಕು, ಕಣ್ಣೆದುರಿಗೇ ಮೇಲೆದ್ದು ಮುಚ್ಚುತ್ತದೆ. ನಡುವೆ ಸಿಕ್ಕ ನೊಣ ಪರಾಗ ಹೊತ್ತೇ ಹೊರಬರಬೇಕು. ಕೆಲಹೊತ್ತಿನ ಮೇಲೆ ಮತ್ತೆ ತೆರೆಯುತ್ತದೆ. ರೆಸ್ಟ್ರೆಪಿಯಾ ಕುಲದ ಹೂ ಎಲೆಯ ಬೆನ್ನಿಗೆ ಒರಗಿ ನಿಲ್ಲುತ್ತದೆ, ಮೈತುಂಬ ಚುಕ್ಕೆ ಅಥವಾ ಗೆರೆ. ಇಡೀ ಬಳಗದಲ್ಲಿ ಇಷ್ಟು ಸಲೀಸಾಗಿ ಬೆಳೆಯುವ ಕುಲ ಇನ್ನೊಂದಿಲ್ಲ. ಪ್ಲ್ಯಾಟಿಸ್ಟೀಲಿ ಕುಲದಲ್ಲಿ ತೀರಾ ಚಿಕ್ಕ ಹೂಗಳಿವೆ: ಈಕ್ವೆಡಾರ್‌ನಲ್ಲಿ ನೆಲೆಸಿದ ಸಸ್ಯವಿಜ್ಞಾನಿ ಲೂ ಜೋಸ್ಟ್ 2009ರಲ್ಲಿ ಕಂಡದ್ದು 2.1 ಮಿಲಿಮೀಟರ್ ಅಗಲದ್ದು. ಬೇರೊಂದು ಗಿಡದ ಬೇರುಗಳ ನಡುವೆ ಅದು ಅವರ ಕಣ್ಣಿಗೆ ಬಿತ್ತು.

ಆಂಡೀಸ್‌ನ ಆಚೆಗೆ ಬಂದರೆ, ನ್ಯೂಗಿನಿಯ ಡೆಂಡ್ರೋಬಿಯಂ ಕತ್‌ಬರ್ಟ್‌ಸೋನಿಯೈಗೆ ಸಮನಾದದ್ದಿಲ್ಲ. ಸಸ್ಯವಿಜ್ಞಾನಿ ಫರ್ಡಿನಾಂಡ್ ಫಾನ್ ಮ್ಯುಲರ್ 1888ರಲ್ಲಿ ಹೆಸರಿಸಿದ ಈ ಗಿಡ ಕೆಲವೇ ಸೆಂಟಿಮೀಟರ್ ಎತ್ತರ, ಎಲೆಯ ಮೇಲೆಲ್ಲ ಒರಟು ಗುಳ್ಳೆಗಳು. ಅದರ ಮೇಲೆ ಗಿಡದಷ್ಟೇ ದೊಡ್ಡ ಕೆಂಪು, ಹಳದಿ, ಗುಲಾಬಿ ಹೂ. ತಂಪಿನಲ್ಲಿಟ್ಟರೆ ಒಂದೊಂದು ಹೂವೂ ಆರು ತಿಂಗಳಿಗಿಂತ ಹೆಚ್ಚು ಬಾಳುತ್ತದೆ. ಬ್ರೆಜಿಲ್‌ನ ಸೊಫ್ರೊನೈಟಿಸ್ ಕೊಕ್ಸಿನಿಯಾ, ಈಗ ಕ್ಯಾಟ್ಲಿಯಾ ಕುಲಕ್ಕೆ ಸೇರಿಸಲಾದದ್ದು, ಇಂದು ಅಂಗಡಿಗಳಲ್ಲಿ ಸಿಗುವ ಕೆಂಪು ಕಿರು ಕ್ಯಾಟ್ಲಿಯಾಗಳಲ್ಲಿ ಹೆಚ್ಚಿನವಕ್ಕೆ ಬಣ್ಣ ಕೊಟ್ಟ ಮೂಲಗಿಡ. ಹಿಮಾಲಯದ ಪ್ಲೀಯೋನಿಗಳು ಚಳಿಗಾಲದಲ್ಲಿ ಎಲೆ ಉದುರಿಸಿ ಬರೀ ಹುಸಿಗೆಡ್ಡೆಯಾಗಿ ಮಲಗುತ್ತವೆ. ಆ ಮೂರ್ನಾಲ್ಕು ತಿಂಗಳು ಅವಕ್ಕೆ ತಂಪೂ ಬೇಕು, ಒಣ ವಾತಾವರಣವೂ ಬೇಕು.

ಮನೆಯೊಳಗೆ ತಂಪು ಮಾಡುವ ಬಗೆ

ನೀರು ಆವಿಯಾಗುವಾಗ ಗಾಳಿ ತಣಿಯುತ್ತದೆ ಎಂಬುದು ಮೊದಲ ಉಪಾಯ. ಕೂಲರ್, ಒದ್ದೆ ಗೋಣಿ, ಮಂಜು ಚಿಮ್ಮಿಸುವ ಯಂತ್ರ ಇವೆಲ್ಲ ಅದರ ಮೇಲೇ ನಿಂತಿವೆ. ಆದರೆ ಇದಕ್ಕೊಂದು ಮಿತಿಯಿದೆ: ಒದ್ದೆ ಬಟ್ಟೆ ಸುತ್ತಿದ ತಾಪಮಾಪಕ ತೋರಿಸುವ ಉಷ್ಣತೆಗಿಂತ ಕೆಳಗೆ ಯಾವ ಕೂಲರೂ ಇಳಿಸಲಾರದು. ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ ಬಿಸಿ, ಶೇಕಡಾ 30 ಆರ್ದ್ರತೆ ಇದ್ದಾಗ ಈ ಮಿತಿ ಸುಮಾರು 21 ಡಿಗ್ರಿ. ಹಗಲಿಗೆ ಅದು ವರದಾನ. ರಾತ್ರಿ 22 ಡಿಗ್ರಿ, ಶೇಕಡಾ 70 ಆರ್ದ್ರತೆ ಇದ್ದರೆ ಮಿತಿ 18. ಅಂದರೆ ಗಿಡಕ್ಕೆ ತಂಪು ಹೆಚ್ಚು ಬೇಕಾದ ಹೊತ್ತಿನಲ್ಲೇ ಕೂಲರ್ ಸೋಲುತ್ತದೆ. ಮಂಗಳೂರಿನಂಥ ಕರಾವಳಿಯಲ್ಲಿ, ಗಾಳಿಯೇ ನೀರಿನಿಂದ ತುಂಬಿರುವಾಗ, ಹಗಲಿಗೂ ಅದರಿಂದ ಉಪಯೋಗವಿಲ್ಲ.

ಎರಡನೆಯದು ಯಂತ್ರದ ತಂಪು. ವೈನ್ ಇಡುವ ಗಾಜಿನ ಬಾಗಿಲಿನ ಸಣ್ಣ ಫ್ರಿಜ್‌ಗಳು 8ರಿಂದ 18 ಡಿಗ್ರಿಯ ನಡುವೆ ಕೆಲಸ ಮಾಡುವಂತೆ ತಯಾರಾದವು. ಕಿರು ಆರ್ಕಿಡ್‌ಗಳಿಗೆ ಬೇಕಾದ್ದೂ ಅದೇ. ಬಿಸಿನಾಡುಗಳ ಹವ್ಯಾಸಿಗಳು ಇದರೊಳಗೆ ಎಲ್‌ಇಡಿ ದೀಪ, ಕಂಪ್ಯೂಟರಿನ ಪುಟ್ಟ ಫ್ಯಾನ್, ಮಂಜಿನ ಯಂತ್ರ ಕೂಡಿಸಿ ಪೆಟ್ಟಿಗೆಯೊಳಗೊಂದು ಬೆಟ್ಟವನ್ನೇ ಮಾಡಿಕೊಂಡಿದ್ದಾರೆ. ಹಗಲಿಗೆ ಒಂದು, ರಾತ್ರಿಗೆ ಇನ್ನೊಂದು ಉಷ್ಣತೆ ಬರುವಂತೆ ಟೈಮರ್ ಇರಲೇಬೇಕು. ಫ್ರಿಜ್‌ನ ತಣ್ಣನೆಯ ಸುರುಳಿ ಗಾಳಿಯ ನೀರನ್ನು ಹನಿಯಾಗಿಸಿ ಹೊರಹಾಕುವುದರಿಂದ ಒಳಗಿನ ಗಾಳಿ ಒಣಗುತ್ತದೆ, ಆ ಕೊರತೆಯನ್ನು ಮಂಜಿನ ಯಂತ್ರ ತುಂಬಬೇಕು. ದೀಪದ ಡ್ರೈವರನ್ನು ಹೊರಗಿಟ್ಟರೆ ಒಳಗೆ ಬಿಸಿ ಕಡಿಮೆ.

ದೊಡ್ಡ ಪ್ರಮಾಣದಲ್ಲಿ ಇದೇ ಕೆಲಸವನ್ನು ಸಂಸ್ಥೆಗಳು ಮಾಡುತ್ತಿವೆ. ಬೇಸಿಗೆ ಸುಡುವ ಅಟ್ಲಾಂಟಾದ ಸಸ್ಯೋದ್ಯಾನದಲ್ಲಿ 2002ರಲ್ಲಿ ತೆರೆದ ಫುಕ್ವಾ ಆರ್ಕಿಡ್ ಕೇಂದ್ರದ ಎತ್ತರದ ಬೆಟ್ಟಗಳ ಮನೆ, ಸಿಂಗಪುರದಲ್ಲಿ 2012ರಲ್ಲಿ ತೆರೆದ ಗಾರ್ಡನ್ಸ್ ಬೈ ದ ಬೇಯ ಮೋಡದ ಕಾಡು ಇದಕ್ಕೆ ಉದಾಹರಣೆ. ಸಮುದ್ರದ ಮಂಜು ಬರುವ ಸ್ಯಾನ್ ಫ್ರಾನ್ಸಿಸ್ಕೊದ ಹೂಗಳ ಗಾಜಿನಮನೆಗೆ ಹವೆಯೇ ಒಲಿದಿದೆ.

ಖರ್ಚಿಲ್ಲದ ಮೂರನೇ ದಾರಿ ಐಸ್. ಥರ್ಮಾಕೋಲ್ ಹೊದಿಸಿದ, ಮುಂದೆ ಮಾತ್ರ ಗಾಜಿರುವ ಪೆಟ್ಟಿಗೆಯಲ್ಲಿ ಸಂಜೆ ಹೊತ್ತಿಗೆ ಹೆಪ್ಪುಗಟ್ಟಿದ ನೀರಿನ ಬಾಟಲಿಗಳನ್ನು ಮೇಲ್ಗಡೆ ಇಟ್ಟು ಸಣ್ಣ ಫ್ಯಾನ್ ಓಡಿಸಿದರೆ ತಂಪು ಕೆಳಗಿಳಿಯುತ್ತದೆ. ಒಂದು ಕಿಲೋ ಐಸ್ ಕರಗುವಾಗ 334 ಕಿಲೋಜೂಲ್ ಶಾಖ ಹೀರುತ್ತದೆ. ಎರಡು ಕಿಲೋ ಇದ್ದರೆ ರಾತ್ರಿಯ ಒಂಬತ್ತು ತಾಸು ಸುಮಾರು 20 ವಾಟ್ ಶಾಖವನ್ನು ಹೊರಗಟ್ಟಿದಂತೆ. ಎರಡಡಿ ಉದ್ದದ ಪೆಟ್ಟಿಗೆಗೆ ಕೋಣೆಗಿಂತ ಏಳೆಂಟು ಡಿಗ್ರಿ ಕಡಿಮೆ ಮಾಡಲು ಅಷ್ಟು ಸಾಕು. ಒಂದು ಸಂಜೆ ಮರೆತರೆ ಆ ರಾತ್ರಿಯ ತಂಪು ತಪ್ಪುತ್ತದೆ, ಮನೆಯವರೆಲ್ಲ ಊರಿಗೆ ಹೋದರಂತೂ ಕೇಳುವುದೇ ಬೇಡ. ಹೀಗಾಗಿ ಇದು ಬೇಸಿಗೆಯ ಎರಡು ಮೂರು ತಿಂಗಳು ದಾಟಿಸಲು ಸರಿ, ವರ್ಷವಿಡೀ ನಂಬಲು ಸಾಲದು.

ಬೆಳಕು ಹೆಚ್ಚು ಬೇಡ. ಮಾಸ್ಡೆವಾಲಿಯಾಗಳಿಗೆ 10,000ದಿಂದ 15,000 ಲಕ್ಸ್, ಡ್ರಾಕುಲಾಗಳಿಗೆ ಅದಕ್ಕಿಂತ ಕಡಿಮೆ, ದಿನಕ್ಕೆ ಹನ್ನೆರಡು ತಾಸು. ಎಲೆ ಕೆಂಪಡರಿದರೆ ಬೆಳಕು ಜಾಸ್ತಿಯಾಗಿದೆ ಎಂದರ್ಥ. ಆರ್ದ್ರತೆ ಶೇಕಡಾ 70ರಿಂದ 90 ಇರಬೇಕು. ಗಾಳಿ ಮಾತ್ರ ನಿಲ್ಲಬಾರದು. ಮುಚ್ಚಿದ ಪೆಟ್ಟಿಗೆಯಲ್ಲಿ ನಿಂತ ಒದ್ದೆ ಗಾಳಿಯೇ ಎಲೆಗಳ ಕೊಳೆರೋಗಕ್ಕೆ ತವರು; ಎಲೆ ಅಲುಗಿಯೂ ಅಲುಗದಂತೆ ಹಗಲೂ ರಾತ್ರಿ ಫ್ಯಾನ್ ಓಡುತ್ತಿರಬೇಕು.

ನೀರು, ಗೊಬ್ಬರ, ಕುಂಡ

ಮೋಡದ ನೀರು ಕುಡಿದು ಬೆಳೆದ ಬೇರಿಗೆ ಉಪ್ಪು ಆಗದು. ಬೋರ್‌ವೆಲ್‌ನ ಗಡಸು ನೀರು ಹಾಕಿದರೆ ಎಲೆಯ ತುದಿ ಕಪ್ಪಾಗಿ ಒಣಗುತ್ತಾ ಬುಡದ ಕಡೆ ಸರಿಯುತ್ತದೆ. ಮಳೆನೀರು ಎಲ್ಲಕ್ಕಿಂತ ಮೇಲು; ಮಳೆಗಾಲದಲ್ಲಿ ತಾರಸಿಯಿಂದ ಹಿಡಿದಿಟ್ಟ ಎರಡು ಡ್ರಮ್ ನೀರು ಸಣ್ಣ ಸಂಗ್ರಹಕ್ಕೆ ಬಹಳ ದಿನ ಬರುತ್ತದೆ. ಇಲ್ಲದಿದ್ದರೆ ಆರ್‌ಒ ನೀರು. ಮಂಜಿನ ಯಂತ್ರಕ್ಕಂತೂ ಇವೆರಡನ್ನು ಬಿಟ್ಟು ಬೇರೆ ನೀರು ಹಾಕಿದರೆ ಎಲೆಗಳ ಮೇಲೆ ಬಿಳಿ ಪುಡಿ ಕೂರುತ್ತದೆ. ಬರೀ ಶುದ್ಧ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವುದಿಲ್ಲವಾದ್ದರಿಂದ ಅವೆರಡೂ ಇರುವ ಗೊಬ್ಬರವನ್ನು ಪೊಟ್ಟಣದ ಮೇಲೆ ಹೇಳಿದ ಪ್ರಮಾಣದ ಕಾಲುಭಾಗಕ್ಕಿಂತ ಹೆಚ್ಚಿಲ್ಲದಂತೆ ಬೆರೆಸಿ ಕೊಡಬೇಕು. ಮೂರು ಸಲ ಗೊಬ್ಬರದ ನೀರು ಕೊಟ್ಟರೆ ನಾಲ್ಕನೇ ಸಲ ಬರೀ ನೀರು ಹಾಯಿಸಿ ತೊಳೆಯಬೇಕು.

ನ್ಯೂಜಿಲೆಂಡ್ ಅಥವಾ ಚಿಲಿಯ ಉದ್ದ ಎಳೆಯ ಸ್ಫ್ಯಾಗ್ನಮ್ ಪಾಚಿ ಹೆಚ್ಚಿನವರ ಆಯ್ಕೆ. ನೆನೆಸಿದ ಪಾಚಿಯನ್ನು ನೀರು ಹನಿಯದಷ್ಟು ಹಿಂಡಿ, ಬೇರುಗಳ ನಡುವೆ ಒಂದಿಷ್ಟು ಸಿಕ್ಕಿಸಿ, ಸುತ್ತಲೂ ಸಡಿಲವಾಗಿ ಸುತ್ತಿ, ಎರಡು ಮೂರು ಅಂಗುಲದ ಕುಂಡಕ್ಕೆ ಇಳಿಸಬೇಕು. ಬೆರಳಿನಿಂದ ಒತ್ತಿದರೆ ಪಾಚಿ ಮರಳಿ ಮೇಲೇಳಬೇಕು. ಗಟ್ಟಿಯಾಗಿ ತುರುಕಿದ ಪಾಚಿಯ ನಡುವೆ ಬೇರು ಉಸಿರುಗಟ್ಟುತ್ತದೆ. ಗಿಡಕ್ಕಿಂತ ದೊಡ್ಡ ಕುಂಡ ಕೊಡುವುದು ಉದಾರತೆಯಲ್ಲ, ನಡುವಿನ ಪಾಚಿ ಒಣಗದೆ ಹುಳಿಯುತ್ತದೆ. ಮಣ್ಣಿನ ಕುಂಡವಾದರೆ ಬೇಸಿಗೆಯ ಹೂಜಿಯಂತೆ ಗೋಡೆಯಿಂದ ನೀರು ಒಸರಿ ಬೇರನ್ನು ಒಂದೆರಡು ಡಿಗ್ರಿ ತಂಪಾಗಿಡುತ್ತದೆ, ಆದರೆ ಬೇಗ ಒಣಗುವುದರಿಂದ ದಿನವೂ ನೋಡಬೇಕು. ತೆಂಗಿನ ಸಿಪ್ಪೆಯ ಚೂರು ಬಳಸುವವರು ಅದನ್ನು ಹಲವು ದಿನ ನೆನೆಸಿ, ನೀರು ಬದಲಿಸಿ, ಉಪ್ಪನ್ನು ಪೂರ್ತಿ ತೆಗೆಯಬೇಕು. ಲೆಪ್ಯಾಂಥಿಸ್, ಪ್ಲ್ಯಾಟಿಸ್ಟೀಲಿಗಳನ್ನು ಕಾರ್ಕ್ ಮರದ ತೊಗಟೆಗೆ ತೆಳುವಾಗಿ ಪಾಚಿ ಹಾಸಿ, ಮೀನುಗಾಳದ ದಾರದಿಂದ ಕಟ್ಟಿ ಬೆಳೆಸಬಹುದು. ಕುಂಡ ಬದಲಾವಣೆ ಒಂದೂವರೆ ಎರಡು ವರ್ಷಕ್ಕೊಮ್ಮೆ, ಪಾಚಿ ಕಪ್ಪಾಗಿ ಪುಡಿಯಾಗುವ ಮೊದಲೇ, ಚಳಿಗಾಲದಲ್ಲಿ.

ಕರ್ನಾಟಕದಲ್ಲಿ ಸಾಧ್ಯತೆ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಜನವರಿಯಲ್ಲಿ ರಾತ್ರಿ 15–16 ಡಿಗ್ರಿ, ಏಪ್ರಿಲ್‌ನಲ್ಲಿ 21–22. ಏಪ್ರಿಲ್ 2016ರಲ್ಲಿ ಹಗಲಿನ ಬಿಸಿ 39.2 ಡಿಗ್ರಿ ಮುಟ್ಟಿತ್ತು. ಯಂತ್ರವಿಲ್ಲದೆ ಇಲ್ಲಿ ಮಾಸ್ಡೆವಾಲಿಯಾ ವೀಚಿಯಾನಾ ಬೆಳೆಸಲು ಹೋಗುವುದು ಗಿಡಕ್ಕೆ ಮಾಡುವ ಅನ್ಯಾಯ. ನವೆಂಬರಿನಿಂದ ಫೆಬ್ರವರಿಯವರೆಗೆ ಅದು ಚೆನ್ನಾಗಿಯೇ ಬೆಳೆದು ಆಸೆ ಹುಟ್ಟಿಸುತ್ತದೆ, ಮಾರ್ಚ್ ಕಳೆಯುವಷ್ಟರಲ್ಲಿ ಎಲೆ ಕಳಚುತ್ತದೆ. ರೆಸ್ಟ್ರೆಪಿಯಾ, ಬಿಸಿ ತಾಳುವ ಮಾಸ್ಡೆವಾಲಿಯಾ ಮಿಶ್ರತಳಿಗಳು, ಚಳಿ ಸೆಕೆ ಎರಡನ್ನೂ ಸಹಿಸುವ ಜಪಾನಿನ ನಿಯೊಫಿನೆಟಿಯಾ ಇವು ಬೆಂಗಳೂರು, ಮೈಸೂರುಗಳ ನೆರಳಿನ ಬಾಲ್ಕನಿಯಲ್ಲಿ, ಬೇಸಿಗೆಯಲ್ಲಿ ಐಸಿನ ಆಸರೆಯೊಂದಿಗೆ ಬದುಕಬಲ್ಲವು. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿ, ಅದಕ್ಕೆ ಸಮೀಪದ ಎತ್ತರದ ಚಿಕ್ಕಮಗಳೂರು, 1,400 ಮೀಟರ್ ದಾಟಿದ ಕೆಮ್ಮಣ್ಣುಗುಂಡಿಯ ಸುತ್ತಿನ ತೋಟದ ಮನೆಗಳಿಗೆ ಮಧ್ಯಮ ಹವೆಯ ಜಾತಿಗಳು ಒಗ್ಗುತ್ತವೆ. ನಿಜವಾದ ತಂಪಿನ ಗಿಡಗಳನ್ನು ಯಂತ್ರವಿಲ್ಲದೆ ಹೊರಗೇ ಇಟ್ಟು ಬೆಳೆಸಬೇಕೆಂದರೆ 2,000 ಮೀಟರ್ ಮೀರಿದ ಊಟಿ, ಕೊಡೈಕೆನಾಲ್‌ಗಳಿಗೇ ಹೋಗಬೇಕು.

ಪಶ್ಚಿಮಘಟ್ಟಗಳಿಗೂ ತಮ್ಮದೇ ಕಿರು ಆರ್ಕಿಡ್‌ಗಳಿವೆ. ಮಲೆನಾಡಿನವರು ಸೀತಾಳೆ ದಂಡೆಯ ಉದ್ದನೆಯ ಗೊಂಚಲನ್ನು ಬಲ್ಲರು, ಅದೇ ಮರದ ಮೇಲೆ ಅಂಟಿರುವ ಪೊರ್ಪಾಕ್ಸ್‌ಗಳನ್ನು ಗಮನಿಸುವುದು ಕಡಿಮೆ. ಚಪ್ಪಟೆ ಗುಂಡಿಗಳಂಥ ಅವುಗಳ ಹುಸಿಗೆಡ್ಡೆಗಳ ಮೇಲೆ ಬಲೆಯಂಥ ನರಗಳ ಪೊರೆಯಿದೆ, ನಡುವೆ ಕಂದುಗೆಂಪಿನ ಪುಟ್ಟ ಬಟ್ಟಲಂಥ ಹೂ. ಡೆಂಡ್ರೋಬಿಯಂ ಮೈಕ್ರೊಬಲ್ಬನ್ ಎಲೆ ಉದುರಿದ ಬೋಳು ಗೆಡ್ಡೆಗಳಿಂದ ಹೂ ಬಿಡುತ್ತದೆ. ಬೀಸಣಿಗೆಯಂಥ ಎಲೆಗಳ ಒಬೆರೋನಿಯಾದ ಹೂ ಒಂದೆರಡು ಮಿಲಿಮೀಟರ್. ಇವುಗಳ ಬದುಕು ಆಂಡೀಸ್‌ನದಕ್ಕಿಂತ ಬೇರೆ: ಮಳೆಗಾಲದಲ್ಲಿ ತೊಯ್ದು ಬೆಳೆದು, ಬೇಸಿಗೆಯಲ್ಲಿ ಒಣಗಿ ಕಾಯುತ್ತವೆ. ಬೇಸಿಗೆಯಲ್ಲೂ ನೀರು ಹಾಕಿದರೆ ಕೊಳೆಯುತ್ತವೆ. ಆಂಡೀಸ್‌ನ ಗಿಡಗಳಿಗೆ ಇರುವ ಆಕರ್ಷಣೆಯ ಕಾಲುಭಾಗವಾದರೂ ಇವಕ್ಕೆ ಸಿಕ್ಕಿಲ್ಲ ಎಂಬುದು ದುಃಖದ ಸಂಗತಿ. ಕಾಡಿನಿಂದ ಕಿತ್ತು ತರುವುದಂತೂ ತಪ್ಪು. ಕಾಫಿ ತೋಟಗಳಲ್ಲಿ ಮರಗಸಿ ಮಾಡುವಾಗ ನೆಲಕ್ಕೆ ಬೀಳುವ ಕೊಂಬೆಗಳ ಮೇಲೆ ಇವು ಸಾಯುವುದೇ ಹೆಚ್ಚು. ಅವನ್ನು ಬಿಡಿಸಿ ಅದೇ ತೋಟದ ಬೇರೆ ಮರಗಳಿಗೆ ಬಾಳೆನಾರಿನಲ್ಲಿ ಕಟ್ಟುವ ಬೆಳೆಗಾರರು ಗಿಡಗಳನ್ನು ಅವುಗಳ ಹವೆಯಲ್ಲೇ ಉಳಿಸುತ್ತಾರೆ.

ಕೀಟ, ರೋಗ

ಬಸವನಹುಳುವೇ ಮುಖ್ಯ ಶತ್ರು. ಪಾಚಿಯಲ್ಲಿ ಅಡಗಿ ರಾತ್ರಿ ಬಂದು ಮೊಗ್ಗನ್ನೂ ಬೇರಿನ ತುದಿಯನ್ನೂ ಮೇಯುತ್ತದೆ. ಸೌತೆಕಾಯಿಯ ಬಿಲ್ಲೆ ಇಟ್ಟು ರಾತ್ರಿ ಟಾರ್ಚ್ ಹಿಡಿದು ಆರಿಸಿ ತೆಗೆಯುವುದೇ ಒಳ್ಳೆಯ ಉಪಾಯ. ಹಿಟ್ಟುತಿಗಣೆ ಎಲೆಯ ಬುಡದಲ್ಲಿ, ಥ್ರಿಪ್ಸ್ ಹೂವಿನಲ್ಲಿ. ಕಾಂಡದ ಬುಡ ಕಪ್ಪಾಗಿ ಮೆತ್ತಗಾದರೆ ಕೊಳೆರೋಗ, ಬೆಂಕಿಯಲ್ಲಿ ಕಾಯಿಸಿ ಆರಿಸಿದ ಬ್ಲೇಡಿನಿಂದ ಆ ಭಾಗವನ್ನು ಕತ್ತರಿಸಿ ಗಿಡವನ್ನು ಒಣಗಾಳಿಗೆ ಇಡಬೇಕು. ಹತ್ತರಲ್ಲಿ ಎಂಟು ಸಲ ರೋಗದ ಹಿಂದೆ ಬಿಸಿ ರಾತ್ರಿಗಳಿರುತ್ತವೆ, ಔಷಧಿ ಹೊಡೆಯುವ ಮೊದಲು ತಾಪಮಾಪಕವನ್ನು ನೋಡಬೇಕು.

ಗಿಡಗಳನ್ನು ಪಡೆಯುವುದು, ಹೆಚ್ಚಿಸುವುದು

ಆರ್ಕಿಡ್ ಕುಟುಂಬವೆಲ್ಲವೂ ವನ್ಯಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟ್ಸ್ ಒಪ್ಪಂದದ ಅನುಬಂಧಗಳಲ್ಲಿ ಸೇರಿದೆ, ಬಹುಪಾಲು ಎರಡನೆಯದರಲ್ಲಿ. ಭಾರತ 1976ರಿಂದ ಅದರ ಸದಸ್ಯ. ಗಡಿ ದಾಟುವ ಗಿಡಕ್ಕೆ ಪರವಾನಗಿ ಬೇಕು. ಎರಡನೇ ಅನುಬಂಧದ ಆರ್ಕಿಡ್‌ಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಮುಚ್ಚಿದ ಬಾಟಲಿಯಲ್ಲೇ ಕಳಿಸಿದರೆ ಒಪ್ಪಂದದ ಪರವಾನಗಿಯಿಂದ ವಿನಾಯಿತಿಯಿದೆ. ಆದರೆ ಭಾರತಕ್ಕೆ ತರುವಾಗ 2003ರ ಸಸ್ಯ ಕ್ವಾರಂಟೈನ್ ಆದೇಶದ ಕಟ್ಟುಪಾಡುಗಳು ಇದ್ದೇ ಇವೆ. ಲೆಪ್ಯಾಂಥಿಸ್‌ನ ಎಷ್ಟೋ ಜಾತಿಗಳು ಒಂದೇ ಬೆಟ್ಟದ ಕೆಲವೇ ಮರಗಳಲ್ಲಿವೆ. ಸಂಗ್ರಾಹಕನ ಒಂದು ಚೀಲ ಒಂದು ಜಾತಿಯನ್ನೇ ಮುಗಿಸಬಲ್ಲದು. ಎಲ್ಲಿ ಬೆಳೆಸಿದ್ದೆಂದು ಹೇಳಲಾರದ ಮಾರಾಟಗಾರನಿಂದ ಕೊಳ್ಳಬಾರದು.

ಪ್ರಯೋಗಾಲಯದ ಸಸಿ ಸಾಧ್ಯವಾದದ್ದು ಎರಡು ಶೋಧನೆಗಳಿಂದ. ಧೂಳಿನಂಥ ಆರ್ಕಿಡ್ ಬೀಜ ಶಿಲೀಂಧ್ರದ ಸಹಾಯದಿಂದ ಮೊಳೆಯುತ್ತದೆಂದು ಫ್ರಾನ್ಸಿನ ನೊಯೆಲ್ ಬರ್ನಾರ್ 1899ರಲ್ಲಿ ಕಂಡರು. ಶಿಲೀಂಧ್ರದ ಬದಲು ಸಕ್ಕರೆ ಬೆರೆಸಿದ ಅಗರ್ ಸಾಕೆಂದು ಕಾರ್ನೆಲ್‌ನ ಲೂಯಿಸ್ ನಡ್ಸನ್ 1922ರಲ್ಲಿ ತೋರಿಸಿದರು. ಮನೆಯಲ್ಲಿ ಹೆಚ್ಚಿಸಲು ಇಷ್ಟೆಲ್ಲ ಬೇಡ. ಮಾಸ್ಡೆವಾಲಿಯಾ ಗುಂಪನ್ನು ಒಂದೊಂದರಲ್ಲೂ ಐದಾರು ಎಲೆ ಉಳಿಯುವಂತೆ ಒಡೆದು ನೆಡಬಹುದು. ಅದಕ್ಕಿಂತ ಚಿಕ್ಕದಾಗಿ ಒಡೆದರೆ ಚೇತರಿಸಲು ವರ್ಷ ಹಿಡಿಯುತ್ತದೆ. ರೆಸ್ಟ್ರೆಪಿಯಾದ ಎಲೆಯನ್ನು ಕಾಂಡಸಮೇತ ಕತ್ತರಿಸಿ ಒದ್ದೆ ಪಾಚಿಯಲ್ಲಿ ಊರಿದರೆ ಎಲೆಯ ಬುಡದಲ್ಲಿ ಮರಿಗಿಡ ಮೂಡುತ್ತದೆ.

ಬಾಟಲಿಯ ಸಸಿ ತಂದವರು ಅದನ್ನು ಚಳಿಗಾಲದ ಆರಂಭದಲ್ಲಿ ಬಿಚ್ಚಬೇಕು. ಬೇರಿಗೆ ಅಂಟಿದ ಅಗರನ್ನು ಉಗುರುಬೆಚ್ಚಗಿನ ನೀರಿನಲ್ಲಿ ಪೂರ್ತಿ ತೊಳೆಯಬೇಕು, ಉಳಿದ ಸಕ್ಕರೆಗೆ ಬೂಷ್ಟು ಬರುತ್ತದೆ. ಸಸಿಗಳನ್ನು ಹೊಸ ಪಾಚಿಯಲ್ಲಿ ಒತ್ತೊತ್ತಾಗಿ ಒಂದೇ ತಟ್ಟೆಯಲ್ಲಿ ನೆಟ್ಟು ಪಾರದರ್ಶಕ ಮುಚ್ಚಳ ಹಾಕಿ, ಮೊದಲ ವಾರ ಪೂರ್ತಿ ಮುಚ್ಚಿ, ಆಮೇಲೆ ದಿನಕ್ಕಿಷ್ಟು ಸರಿಸುತ್ತಾ ಒಂದೂವರೆ ತಿಂಗಳಲ್ಲಿ ತೆಗೆಯಬೇಕು. ಬಾಟಲಿಯ ಎಲೆಗಳು ತೆಳ್ಳಗಿದ್ದು ಉದುರಬಹುದು, ಹೊಸ ಎಲೆ ದಪ್ಪವಾಗಿ ಬಂದರೆ ಸಸಿ ಹಿಡಿಯಿತೆಂದು ತಿಳಿಯಬಹುದು. ಮಾಸ್ಡೆವಾಲಿಯಾ ಸಸಿ ಹೂ ಬಿಡಲು ಅಲ್ಲಿಂದ ಎರಡು ಮೂರು ವರ್ಷ.